ನಿಮ್ಮ ಊರು ನೋಡಲು ಬರುವವರಿಗೆ ಪಟ್ಟಿ ಬರೆದುಕೊಡುವ ಬಗೆ

"ನಿಮ್ಮೂರಿಗೆ ಬರ್ತಿದ್ದೀವಿ, ಏನೇನು ನೋಡಬೇಕು ಹೇಳಿ" ಎಂದು ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಎಲ್ಲರಿಗೂ ಗೊತ್ತಿರುವ ನಾಲ್ಕು ಹೆಸರು ಹೇಳಿ ಮುಗಿಸುತ್ತೇವೆ, ಇಲ್ಲವೇ ನೆನಪಿಗೆ ಬಂದ ಮೂವತ್ತು ಜಾಗಗಳನ್ನು ಒಂದೇ ಮೆಸೇಜಿನಲ್ಲಿ ಸುರಿದುಬಿಡುತ್ತೇವೆ. ಎರಡೂ ಬರುವವರ ಕೆಲಸಕ್ಕೆ ಬರುವುದಿಲ್ಲ. ಹೆಸರುಗಳು ಅವರಿಗೆ ಎಲ್ಲಿ ಬೇಕಾದರೂ ಸಿಗುತ್ತವೆ. ಯಾವ ಗೇಟಿನಿಂದ ಒಳಹೋಗಬೇಕು, ಎಷ್ಟು ಹೊತ್ತಿಗೆ ಹೋದರೆ ಸರಿ, ವಾಪಸು ಬರಲು ಗಾಡಿ ಸಿಗುತ್ತದೆಯೇ, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದು ಸಿಗುವುದಿಲ್ಲ. ಅದು ಊರಿನವರ ಬಳಿ ಮಾತ್ರ ಇರುತ್ತದೆ. ಆದರೆ ಅದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಹೇಳಬೇಕಾದ ಮಾತು ಅಂತಲೇ ಹೊಳೆಯುವುದಿಲ್ಲ. ಅದನ್ನು ಹೊರಗೆ ತಂದು ಕಾಗದದ ಮೇಲೆ ಇಳಿಸುವ ಕ್ರಮ ಇಲ್ಲಿದೆ.

ಬರೆಯುವ ಮೊದಲು ಕೇಳಬೇಕಾದದ್ದು

ಪಟ್ಟಿ ಊರಿನದಲ್ಲ, ಬರುವವರದು. ಒಂದೇ ಪಟ್ಟಿಯನ್ನು ಎಲ್ಲರಿಗೂ ಕಳಿಸುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ಹಾಗಾಗಿ ಮೊದಲು ಕೇಳಿ: ಯಾವ ದಿನ ಎಷ್ಟು ಗಂಟೆಗೆ ಬಂದಿಳಿಯುತ್ತಾರೆ, ಎಷ್ಟು ಗಂಟೆಗೆ ಹೊರಡುತ್ತಾರೆ? ಎಲ್ಲಿ ಉಳಿಯುತ್ತಾರೆ? ಜೊತೆಗೆ ಯಾರಿದ್ದಾರೆ, ಅವರ ವಯಸ್ಸೇನು? ಮೆಟ್ಟಿಲು ಹತ್ತಲು ಆಗದವರು, ಗಾಲಿಕುರ್ಚಿಯವರು, ತಳ್ಳುಗಾಡಿಯಲ್ಲಿ ಕೂರುವ ಮಗು ಇದೆಯೇ? ತಿನ್ನಬಾರದ್ದು ಏನಾದರೂ ಇದೆಯೇ? ಹಿಂದೆ ಹೋದ ಊರುಗಳಲ್ಲಿ ಅವರಿಗೆ ಹಿಡಿಸಿದ್ದು ಯಾವುದು?

ಕೊನೆಯ ಪ್ರಶ್ನೆಯನ್ನು ಹೀಗೆಯೇ ಕೇಳಿ. "ನಿಮಗೆ ಏನು ಇಷ್ಟ" ಎಂದು ಕೇಳಿದರೆ "ಎಲ್ಲಾ ಇಷ್ಟ" ಎನ್ನುತ್ತಾರೆ. ಹಿಂದಿನ ಊರಿನಲ್ಲಿ ಅರ್ಧ ದಿನ ಮಾರುಕಟ್ಟೆಯಲ್ಲೇ ಕಳೆದರು ಎಂದು ಗೊತ್ತಾದರೆ ನಿಮ್ಮ ಅರ್ಧ ಕೆಲಸ ಆದಂತೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುವ ಜನ ಎಂಬುದನ್ನೂ ಕೇಳಿಕೊಳ್ಳಿ. ಒಂಬತ್ತಕ್ಕೆ ಏಳುವವರಿಗೆ ಸೂರ್ಯೋದಯದ ಗುಡ್ಡ ಬರೆದುಕೊಟ್ಟು ಪ್ರಯೋಜನವಿಲ್ಲ.

ಎಷ್ಟು ಜಾಗ ಹಿಡಿಯುತ್ತದೆ

ಇಲ್ಲಿ ಲೆಕ್ಕ ಹಾಕಲೇಬೇಕು. ಇಡೀ ದಿನ ಎಂದರೆ ಹೊರಗೆ ಇರುವ ಹೊತ್ತು ಸುಮಾರು 10 ಗಂಟೆ. ಊಟ, ತಿಂಡಿ, ಕೂತು ಸುಧಾರಿಸಿಕೊಳ್ಳುವುದಕ್ಕೆ 2 ಗಂಟೆ ತೆಗೆಯಿರಿ. ಓಡಾಟಕ್ಕೆ 2 ಗಂಟೆ ತೆಗೆಯಿರಿ. ಉಳಿಯುವುದು 6. ದೊಡ್ಡ ಜಾಗಕ್ಕೆ 2 ಗಂಟೆಯಿಂದ ಎರಡೂವರೆ ಗಂಟೆ ಬೇಕು. ಅಂದರೆ ದಿನಕ್ಕೆ ಎರಡು ದೊಡ್ಡವು, ಒಂದು ಚಿಕ್ಕದು. ಬಂದಿಳಿಯುವ ದಿನವನ್ನೂ ಹೊರಡುವ ದಿನವನ್ನೂ ಅರ್ಧರ್ಧವೆಂದೇ ಹಿಡಿಯಿರಿ. ಶುಕ್ರವಾರ ಮಧ್ಯಾಹ್ನ ಬಂದು ಭಾನುವಾರ ಸಂಜೆ ಹೊರಡುವವರಿಗೆ "ಮೂರು ದಿನ" ಇಲ್ಲ, ಹೆಚ್ಚೆಂದರೆ ಎರಡು ದಿನ. ಅವರಿಗೆ ನಾಲ್ಕು ದೊಡ್ಡ ಜಾಗ, ಎರಡು ಚಿಕ್ಕವು, ಜೊತೆಗೆ ಮಳೆ ಬಂದರೆ ಇರಲಿ ಎಂದು ಸೂರಿನಡಿಯ ಎರಡು ಜಾಗ. ಒಟ್ಟು ಎಂಟು.

ವಿಕಿವಾಯೇಜ್ ಎಂಬ ಸ್ವಯಂಸೇವಕರ ಪ್ರವಾಸ ಕೈಪಿಡಿಯಲ್ಲಿ ಒಂದು ರೂಢಿಯ ಸೂತ್ರವಿದೆ: ಯಾವುದೇ ಪಟ್ಟಿಯಲ್ಲಿ 7 ಇರಲಿ, 2 ಹೆಚ್ಚು ಅಥವಾ 2 ಕಡಿಮೆ ಆಗಬಹುದು, 9 ದಾಟಿದರೆ ಪಟ್ಟಿಯನ್ನೇ ಒಡೆಯಿರಿ ಎಂದು. ಮನೆಮಟ್ಟದ ಪಟ್ಟಿಗೂ ಇದೇ ಸರಿ. ಹತ್ತು ದಾಟಿದ ಕೂಡಲೇ ಓದುವವರು ಆರಿಸುವುದನ್ನು ಬಿಟ್ಟು ಮೊದಲ ಮೂರಕ್ಕೆ ಹೋಗಿಬರುತ್ತಾರೆ. ನೀವು ಹನ್ನೆರಡನೆಯದಾಗಿ ಬರೆದದ್ದು ಊರಿನಲ್ಲೇ ಚೆನ್ನಾದ ಜಾಗವಾಗಿದ್ದರೂ ಉಳಿದುಹೋಗುತ್ತದೆ.

ಯಾವುದು ಸೇರಬೇಕು, ಯಾವುದು ಬೇಡ

ಊರಿನವರು ಎರಡು ಕಡೆ ತಪ್ಪುತ್ತಾರೆ. ಒಂದು, ಹಿತ್ತಲ ಗಿಡ ಮದ್ದಲ್ಲ ಎಂಬಂತೆ ದಿನವೂ ಓಡಾಡುವ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಬೆಳಿಗ್ಗೆ ಆರಕ್ಕೆ ತುಂಬುವ ಸಗಟು ಹೂವಿನ ಸಂತೆ, ಊರ ಮಧ್ಯದ ಹಳೆಯ ಗ್ರಂಥಾಲಯ, ನದಿ ದಾಟಿಸುವ ದೋಣಿ: ನಿಮಗೆ ಇವು ಕೆಲಸದ ಜಾಗಗಳು, ಹೊರಗಿನವರಿಗೆ ಇಡೀ ಊರು ಅಲ್ಲೇ ಕಾಣುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ: "ಅಲ್ಲಿಗೆ ಬರೀ ಟೂರಿಸ್ಟರು ಹೋಗ್ತಾರೆ" ಎಂದು ಊರಿನ ಹೆಸರಾಂತ ಜಾಗವನ್ನೇ ಪಟ್ಟಿಯಿಂದ ಹೊಡೆದುಹಾಕಿ, ಯಾರಿಗೂ ಗೊತ್ತಿಲ್ಲದ ಮೂಲೆಗಳನ್ನೇ ತುಂಬುವುದು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಹೆಸರಾಂತ ಜಾಗಕ್ಕೆ ಅವರು ಹೇಗೂ ಹೋಗುತ್ತಾರೆ. ಹೋಗಬೇಡಿ ಎನ್ನುವುದಕ್ಕಿಂತ ಯಾವ ಹೊತ್ತಿಗೆ ಹೋದರೆ ಸಾಲು ಇರುವುದಿಲ್ಲ, ಒಳಗೆ ಯಾವ ಭಾಗ ನೋಡಲೇಬೇಕು, ಯಾವುದನ್ನು ಬಿಡಬಹುದು ಎಂದು ಹೇಳಿದರೆ ನಿಜವಾದ ಉಪಕಾರ.

ಆರಿಸಲು ಮೂರು ಪ್ರಶ್ನೆ ಸಾಕು. ಕಳೆದ ಹನ್ನೆರಡು ತಿಂಗಳಲ್ಲಿ ನೀವೇ ಅಲ್ಲಿಗೆ ಹೋಗಿದ್ದೀರಾ? ಮನೆಗೆ ಬಂದ ನೆಂಟರನ್ನು ಅಲ್ಲಿಗೆ ಎರಡನೇ ಸಲ ಕರೆದೊಯ್ಯುತ್ತೀರಾ? ಇಂಥದ್ದೇ ಅವರ ಊರಿನಲ್ಲೂ ಇದೆಯೇ? ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದು ಬಂದರೆ ಮಾತ್ರ ಸೇರಿಸಿ. ಮಾಲ್‌ಗಳು ಮೂರನೆಯ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ. ಹತ್ತು ವರ್ಷದ ಹಿಂದೆ ಚೆನ್ನಾಗಿದ್ದ ಕೆರೆ ದಂಡೆ ಮೊದಲ ಪ್ರಶ್ನೆಯಲ್ಲಿ ಬೀಳುತ್ತದೆ. ಅಲ್ಲಿ ಈಗ ಬೇಲಿ ಬಿದ್ದಿರಬಹುದು, ನೀರೇ ಇಲ್ಲದಿರಬಹುದು.

ಉಳಿದವನ್ನು ತೂಗಲು ಮಿಶೆಲಿನ್ ಟೈರ್ ಕಂಪನಿಯ ಹಳೆಯ ಉಪಾಯ ಚೆನ್ನಾಗಿದೆ. ಅವರು ತಮ್ಮ ಪ್ರವಾಸ ಕೈಪಿಡಿಯಲ್ಲಿ ಊಟದ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರುಮಾಡಿದ್ದು 1926ರಲ್ಲಿ. ಒಂದು, ಎರಡು, ಮೂರು ನಕ್ಷತ್ರಗಳ ಅರ್ಥವನ್ನು ದಾರಿಯ ಲೆಕ್ಕದಲ್ಲೇ ಹೇಳುತ್ತಾರೆ: ದಾರಿಯಲ್ಲಿ ಸಿಕ್ಕರೆ ನಿಲ್ಲಬಹುದು, ದಾರಿ ಬಿಟ್ಟು ಹೋಗಬಹುದು, ಅದಕ್ಕಾಗಿಯೇ ಪ್ರಯಾಣ ಹೊರಡಬಹುದು. ನಿಮ್ಮ ಪಟ್ಟಿಯ ಪ್ರತಿ ಜಾಗದ ಮುಂದೆಯೂ ಈ ಮೂರರಲ್ಲಿ ಒಂದನ್ನು ಬರೆಯಿರಿ. "ತುಂಬಾ ಚೆನ್ನಾಗಿದೆ" ಎಂಬ ಮಾತು ಎಂಟೂ ಜಾಗದ ಮುಂದೆ ಇದ್ದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಒಮ್ಮೆ ಹೊರಗಿನವರಂತೆ ಹೋಗಿಬನ್ನಿ

ಇದೊಂದು ಕೆಲಸ ಮಾಡಿದರೆ ಪಟ್ಟಿಯ ದರ್ಜೆಯೇ ಬೇರೆ. ನಿಮ್ಮ ಗಾಡಿ ಮನೆಯಲ್ಲೇ ಬಿಡಿ. ಬರುವವರು ಉಳಿಯುವ ಕಡೆಯಿಂದ, ಅವರು ಹಿಡಿಯುವ ಬಸ್ಸು ಅಥವಾ ರೈಲಿನಲ್ಲಿ, ಫೋನಿನ ನಕ್ಷೆ ತೋರಿಸಿದ ದಾರಿಯಲ್ಲೇ ಹೋಗಿ. ನಿಮಗೆ ಗೊತ್ತಿರುವ ಒಳದಾರಿ ಹಿಡಿಯಬೇಡಿ. ಗಡಿಯಾರ ನೋಡಿ ಬರೆದುಕೊಳ್ಳಿ.

ನಡಿಗೆಯ ಲೆಕ್ಕ ಹೆಚ್ಚಾಗಿ ತಪ್ಪುತ್ತದೆ. ಆರೋಗ್ಯವಂತ ವಯಸ್ಕರು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾರೆ, ಅಂದರೆ ಕಿಲೋಮೀಟರಿಗೆ 12 ನಿಮಿಷ. ನಕ್ಷೆಯ ಆ್ಯಪ್‌ಗಳ ಅಂದಾಜೂ ಹೆಚ್ಚುಕಡಿಮೆ ಇಷ್ಟೇ. ಆದರೆ ಫೋಟೋ ತೆಗೆಯುತ್ತಾ, ಬೋರ್ಡು ಓದುತ್ತಾ, ಮಗುವಿನ ಕೈ ಹಿಡಿದು ನಡೆಯುವವರು ಗಂಟೆಗೆ 3 ಕಿಲೋಮೀಟರ್ ಸಾಗಿದರೆ ಹೆಚ್ಚು. ಆಗ ಅದೇ ಕಿಲೋಮೀಟರಿಗೆ 20 ನಿಮಿಷ. "ಇಲ್ಲೇ, ಐದು ನಿಮಿಷ" ಎಂಬ ಮಾತನ್ನು ಪಟ್ಟಿಯಿಂದ ಪೂರ್ತಿ ತೆಗೆದುಹಾಕಿ. ಮೀಟರಿನಲ್ಲಿ ಬರೆಯಿರಿ, ಏರು ಇದ್ದರೆ ಏರು ಎಂದು ಬರೆಯಿರಿ. ಮೆಟ್ಟಿಲುಗಳನ್ನು ಎಣಿಸಿ. "ಸ್ವಲ್ಪ ಮೆಟ್ಟಿಲು" ಎಂದರೆ ಮೊಣಕಾಲು ನೋವಿರುವವರು ಏನನ್ನೂ ತೀರ್ಮಾನಿಸಲಾರರು. "180 ಮೆಟ್ಟಿಲು, ಅರ್ಧದಲ್ಲಿ ಕೂರಲು ಕಟ್ಟೆ ಇದೆ, ಕೈಹಿಡಿ ಇಲ್ಲ" ಎಂದರೆ ತೀರ್ಮಾನ ಅವರದು.

ಹೋದಾಗ ಶೌಚಾಲಯ ಎಲ್ಲಿದೆ ನೋಡಿ. ಮನೆ ಹತ್ತಿರವೇ ಇರುವ ಊರಿನವರಿಗೆ ಸಾರ್ವಜನಿಕ ಶೌಚಾಲಯ ಬೇಕಾಗುವುದೇ ಅಪರೂಪ, ಹಾಗಾಗಿ ಇದು ಎಂಥ ಒಳ್ಳೆಯ ಪಟ್ಟಿಯಲ್ಲೂ ಬಿಟ್ಟುಹೋಗುತ್ತದೆ. ದಿನವಿಡೀ ಹೊರಗಿರುವವರಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಕಡಿಮೆ. ಕುಡಿಯುವ ನೀರು, ನೆರಳು, ಬ್ಯಾಗು ಇಟ್ಟುಹೋಗುವ ಜಾಗ, ನಗದು ತೆಗೆಯುವ ಎಟಿಎಂ ಇವನ್ನೂ ಗುರುತು ಹಾಕಿಕೊಳ್ಳಿ.

ಗೇಟು, ಗುರುತು, ಹೆಸರು

ದೊಡ್ಡ ಉದ್ಯಾನ, ಕೋಟೆ, ವಿಶ್ವವಿದ್ಯಾಲಯದಂಥ ಹರಡಿಕೊಂಡ ಜಾಗದ ಹೆಸರು ಹುಡುಕಿದರೆ ನಕ್ಷೆಯ ಗುರುತು ಹಲವು ಸಲ ಆ ಜಾಗದ ಮಧ್ಯಕ್ಕೆ ಬಿದ್ದಿರುತ್ತದೆ. ಆಗ ಆ್ಯಪ್ ಆ ಬಿಂದುವಿಗೆ ಹತ್ತಿರದ ರಸ್ತೆಗೆ ದಾರಿ ತೋರಿಸಬಹುದು, ಅದು ಹಿಂಬದಿಯ ಗೋಡೆಯೂ ಆಗಿರಬಹುದು. ಟ್ಯಾಕ್ಸಿ ಅಲ್ಲೇ ಇಳಿಸಿ ಹೊರಟುಹೋಗುತ್ತದೆ, ಗೇಟು ಒಂದು ಕಿಲೋಮೀಟರ್ ಸುತ್ತಿ ಬಂದರೆ ಸಿಗುತ್ತದೆ. ಇದನ್ನು ತಪ್ಪಿಸುವುದು ಸುಲಭ: ನಕ್ಷೆಯಲ್ಲಿ ಟಿಕೆಟ್ ಕಿಂಡಿ ಇರುವ ಗೇಟಿನ ಮೇಲೆ ಬೆರಳು ಒತ್ತಿಹಿಡಿಯಿರಿ, ಅಲ್ಲೊಂದು ಪಿನ್ ಬೀಳುತ್ತದೆ, ಅದರ ಲಿಂಕನ್ನೇ ಕಳಿಸಿ. ಮನೆ ನಂಬರು, ರಸ್ತೆ ಹೆಸರು ಇಲ್ಲದ ಕಡೆ ಗೂಗಲ್ ನಕ್ಷೆಯ ಪ್ಲಸ್ ಕೋಡ್ (ವಿಳಾಸದ ಬದಲು ಜಾಗ ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಕೊಡಿ. ಹತ್ತು ಅಕ್ಷರಗಳ ಪೂರ್ಣ ಕೋಡು ಸುಮಾರು 14 ಮೀಟರ್ ಚದರದ ಜಾಗವನ್ನು ತೋರಿಸುತ್ತದೆ. ಒಂದು ಬಾಗಿಲು ಹುಡುಕಲು ಅಷ್ಟು ಸಾಕು.

ಬಾಯಲ್ಲಿ ದಾರಿ ಹೇಳುವಾಗ ಗುರುತುಗಳ ಬಗ್ಗೆ ಎಚ್ಚರ ಬೇಕು. ಊರುಗಳಲ್ಲಿ ಕೆಡವಿದ ಟಾಕೀಸಿನ ಹೆಸರು ಇಪ್ಪತ್ತು ವರ್ಷ ಬದುಕಿರುತ್ತದೆ. ಊರಿನವರಿಗೆ ಅದು ಕಣ್ಣಿಗೆ ಕಟ್ಟಿದಂತಿದ್ದರೂ ಹೊರಗಿನವರಿಗೆ ಅಲ್ಲಿ ಕಾಣುವುದು ಖಾಲಿ ಸೈಟು. ಅಂಗಡಿ, ಬ್ಯಾಂಕ್ ಶಾಖೆಗಳೂ ಜಾಗ ಬದಲಿಸುತ್ತವೆ. ಗಡಿಯಾರ ಗೋಪುರ, ಸೇತುವೆ, ನೀರಿನ ಟ್ಯಾಂಕು, ರೈಲು ಗೇಟುಗಳಂತೆ ದೂರದಿಂದ ಕಾಣುವ, ಸುಲಭಕ್ಕೆ ಕದಲದ ಗುರುತು ಹಿಡಿಯಿರಿ. ಜನ ಊರನ್ನು ಮನಸ್ಸಿನಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿದ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್, 1960ರಲ್ಲಿ ಐದು ಅಂಗಗಳನ್ನು ಹೆಸರಿಸಿದರು: ದಾರಿ, ಅಂಚು, ಬಡಾವಣೆ, ಕೂಡುವ ಜಾಗ, ಗುರುತು. ನಿಮ್ಮ ಪಟ್ಟಿಯ ಮೇಲ್ಭಾಗದಲ್ಲಿ ಈ ಐದನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡಿ: ಮುಖ್ಯ ರಸ್ತೆ ಯಾವ ದಿಕ್ಕಿಗೆ ಓಡುತ್ತದೆ, ನದಿ ಅಥವಾ ರೈಲು ಹಳಿ ಊರನ್ನು ಎಲ್ಲಿ ಸೀಳುತ್ತದೆ, ಹಳೆಯ ಊರು ಎಲ್ಲಿ, ಬಸ್ಸುಗಳೆಲ್ಲ ಎಲ್ಲಿ ಸೇರುತ್ತವೆ, ಎಲ್ಲಿಂದಲೂ ಕಾಣುವ ಎತ್ತರದ ಕಟ್ಟಡ ಯಾವುದು. ಬಂದವರಿಗೆ ಮೊದಲ ಗಂಟೆಯಲ್ಲೇ ದಿಕ್ಕು ಸಿಗುತ್ತದೆ.

ಹೆಸರನ್ನು ಎರಡು ಬಗೆಯಲ್ಲಿ ಬರೆಯಿರಿ: ಬೋರ್ಡಿನಲ್ಲಿ ಇರುವಂತೆ, ಜನ ಕರೆಯುವಂತೆ. ಬರುವವರಿಗೆ ಊರಿನ ಲಿಪಿ ಬಾರದಿದ್ದರೆ, ಡ್ರೈವರಿಗೆ ತೋರಿಸಲೆಂದು ಊರಿನ ಲಿಪಿಯಲ್ಲೂ ಒಂದು ಸಾಲು ಇರಲಿ.

ಹೊತ್ತು ಗೊತ್ತು

ವಾರದ ರಜೆ ನೋಡದೆ ಬರೆದ ಪಟ್ಟಿಯಿಂದ ಒಂದು ದಿನವೇ ಹಾಳಾಗಬಹುದು. ಹೆಚ್ಚಿನ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ, ಆದರೆ ಎಲ್ಲ ಕಡೆ ಹಾಗಿಲ್ಲ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ, ಆಗ್ರಾದ ತಾಜಮಹಲಿಗೆ ಶುಕ್ರವಾರ. ಮುಚ್ಚುವ ಹೊತ್ತಿಗಿಂತ ಒಳಬಿಡುವುದು ನಿಲ್ಲಿಸುವ ಹೊತ್ತು ಮುಖ್ಯ. ಸಾಮಾನ್ಯವಾಗಿ ಅದು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಇರುತ್ತದೆ. "5ಕ್ಕೆ ಮುಚ್ಚುತ್ತದೆ" ಎಂದು ಓದಿದವರು ನಾಲ್ಕೂವರೆಗೆ ಹೋಗಿ ಬಾಗಿಲಲ್ಲೇ ನಿಲ್ಲುತ್ತಾರೆ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ತೆಗೆಯಬೇಕಾದ ಜಾಗಕ್ಕೆ ಎಷ್ಟು ದಿನ ಮುಂಚೆ ತೆಗೆಯಬೇಕು ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿ, ಯಾಕೆಂದರೆ ಬಂದಮೇಲೆ ಓದಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಕಟ್ಟಡಗಳಿಗೆ ಬೆಳಕಿನ ಲೆಕ್ಕವೂ ಇದೆ. ಪೂರ್ವಕ್ಕೆ ಮುಖ ಮಾಡಿದ ಕಟ್ಟಡದ ಮುಂಭಾಗದಲ್ಲಿ ಬೆಳಿಗ್ಗೆ ಬಿಸಿಲು ಬಿದ್ದು ಕೆತ್ತನೆಯೆಲ್ಲ ಎದ್ದು ಕಾಣುತ್ತದೆ. ಅದನ್ನೇ ಸಂಜೆ ನೋಡಿದರೆ ಬೆಳಕು ಹಿಂದಿನಿಂದ ಬಂದು ಮುಂಭಾಗ ಕಪ್ಪಾಗಿರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ್ದನ್ನು ಸಂಜೆಗೆ ಇಡಿ. ಗುಡ್ಡ, ದಂಡೆಗಳಿಗೆ "ಸಂಜೆ 5ಕ್ಕೆ" ಎಂದು ಬರೆಯುವ ಬದಲು "ಸೂರ್ಯ ಮುಳುಗುವ ಒಂದು ಗಂಟೆ ಮೊದಲು" ಎಂದು ಬರೆಯಿರಿ. ಸಮಭಾಜಕದಿಂದ ದೂರ ಹೋದಷ್ಟೂ ಬೇಸಿಗೆಯ ಐದು ಗಂಟೆಗೂ ಚಳಿಗಾಲದ ಐದು ಗಂಟೆಗೂ ಅಜಗಜಾಂತರ.

ಒಂದು ಜಾಗದ ಬಗ್ಗೆ ಬರೆದ ನಾಲ್ಕು ಸಾಲು ಕೊನೆಗೆ ಹೀಗೆ ಕಾಣಬೇಕು: "ದಾರಿ ಬಿಟ್ಟು ಹೋಗಬಹುದು. ಉತ್ತರದ ಗೇಟು, ಪಿನ್ ಇಲ್ಲಿದೆ. ತೆರೆದ ಮೊದಲ ಒಂದು ಗಂಟೆಯಲ್ಲಿ ಹೋಗಿ, ಹನ್ನೊಂದರ ಮೇಲೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ. ಸೋಮವಾರ ರಜೆ. ಎರಡು ಗಂಟೆ ಸಾಕು: ಮೊದಲ ಮಹಡಿಯ ಎಡಭಾಗ ನೋಡಲೇಬೇಕು, ನೆಲಮಹಡಿ ಬಿಡಬಹುದು. ಒಳಗೆ ಲಿಫ್ಟ್ ಇಲ್ಲ, 42 ಮೆಟ್ಟಿಲು. ಶೌಚಾಲಯ ಟಿಕೆಟ್ ಕಿಂಡಿಯ ಹಿಂದೆ. ಮುಚ್ಚಿದ್ದರೆ ಎದುರಿನ ಉದ್ಯಾನಕ್ಕೆ ಹೋಗಿ." ಇದರಲ್ಲಿ ಇತಿಹಾಸ ಒಂದು ಸಾಲೂ ಇಲ್ಲ. ಅದು ಒಳಗೆ ಬೋರ್ಡಿನಲ್ಲಿ ಇದ್ದೇ ಇರುತ್ತದೆ.

ಜೋಡಿಸುವ ಕ್ರಮ

ಎಂಟೂ ಜಾಗಕ್ಕೆ ನಕ್ಷೆಯ ಮೇಲೆ ಪಿನ್ ಹಾಕಿ ನೋಡಿ. ಒಂದಕ್ಕೊಂದು ಹತ್ತಿರ ಇರುವವು ಗುಂಪುಗುಂಪಾಗಿ ಕಾಣುತ್ತವೆ. ಅರ್ಧ ದಿನಕ್ಕೆ ಒಂದು ಗುಂಪು. ಊರಿನ ಈ ತುದಿಯಿಂದ ಆ ತುದಿಗೆ ದಿನಕ್ಕೆ ಒಂದೇ ಸಲ ದಾಟುವಂತಿರಲಿ. ಸಮಯ ನಿಗದಿಯಾದದ್ದನ್ನು ಮೊದಲು ಕೂರಿಸಿ, ಉಳಿದದ್ದು ಅದರ ಸುತ್ತ. ಬಿಸಿಲೂರಿನಲ್ಲಿ ಬೆಳಿಗ್ಗೆ ಬಯಲು, ಮಧ್ಯಾಹ್ನ ಸೂರಿನಡಿ, ಸಂಜೆ ಮತ್ತೆ ಬಯಲು.

ಎರಡು ವಸ್ತುಸಂಗ್ರಹಾಲಯಗಳನ್ನು ಬೆನ್ನುಬೆನ್ನಿಗೆ ಇಡಬೇಡಿ. ಸಂಗ್ರಹಾಲಯ ನೋಡುತ್ತಾ ನೋಡುತ್ತಾ ಆಯಾಸ ಬರುತ್ತದೆ; ಬಾಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಅದನ್ನು "ಮ್ಯೂಸಿಯಂ ಆಯಾಸ" ಎಂದು ಕರೆದು ವಿವರಿಸಿದರು. ಪೆಟ್ಟಿಗೆಗಳೊಳಗೆ ಇಟ್ಟ ವಸ್ತು, ಚೀಟಿಗಳನ್ನು ನೋಡಲು ಜನ ಎಷ್ಟು ಬಗ್ಗಬೇಕು, ಕತ್ತು ಎಷ್ಟು ಚಾಚಬೇಕು ಎಂಬುದನ್ನು ಅವರು ಫೋಟೋಗಳ ಮೂಲಕ ತೋರಿಸಿದ್ದರು. ಮೊದಲನೆಯದರಲ್ಲಿ ದಣಿದವರು ಎರಡನೆಯದನ್ನು ನೋಡುವುದಿಲ್ಲ, ದಾಟುತ್ತಾರೆ. ನಡುವೆ ಕೂರುವ ಜಾಗವೊಂದನ್ನು, ಉದ್ಯಾನವೋ ಕಾಫಿ ಅಂಗಡಿಯೋ, ಹೆಸರಿಟ್ಟೇ ಬರೆಯಿರಿ.

ಬಂದಿಳಿದ ದಿನ ಉಳಿಯುವ ಜಾಗದಿಂದ ನಡೆದುಹೋಗುವಷ್ಟು ದೂರದಲ್ಲೇ ಒಂದು ಸುತ್ತು ಸಾಕು. ಹೊರಡುವ ದಿನ ದೂರದ್ದನ್ನು ಎಂದೂ ಇಡಬೇಡಿ.

ಊಟ

"ಅಲ್ಲಿ ಎಲ್ಲಾ ಚೆನ್ನಾಗಿರುತ್ತೆ" ಎಂಬುದು ಸಲಹೆಯಲ್ಲ. ಏನು ಕೇಳಬೇಕು, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಮೊದಲು ದುಡ್ಡು ಕೊಟ್ಟು ಚೀಟಿ ತೆಗೆಯಬೇಕೋ ಕೂತಮೇಲೆ ಕೇಳಲು ಬರುತ್ತಾರೋ, ಖಾರ ಕಡಿಮೆ ಮಾಡಿಕೊಡುತ್ತಾರೋ, ಕಾರ್ಡು ನಡೆಯುತ್ತದೋ: ಇಷ್ಟು ಬರೆಯಿರಿ. ಪ್ರತಿ ಗುಂಪಿನ ಜಾಗಗಳಿಗೆ ಒಂದು ಹೋಟೆಲು, ಅದು ಮುಚ್ಚಿದ್ದರೆ 300 ಮೀಟರ್ ಒಳಗೆ ಇನ್ನೊಂದು. ಹಸಿದವರನ್ನು ಊರಿನ ಆ ತುದಿಯ ಹೆಸರಾಂತ ಹೋಟೆಲಿಗೆ ಓಡಿಸಬೇಡಿ. ಅಲರ್ಜಿ ಇದ್ದವರಿಗೆ "ಇದರಲ್ಲಿ ಕಡಲೆಬೀಜ ಇದೆಯೇ" ಎಂಬಂಥ ವಾಕ್ಯವನ್ನು ಊರಿನ ಭಾಷೆಯಲ್ಲೇ ಬರೆದುಕೊಡಿ. ಅವರ ಜೀವಕ್ಕೆ ಅದು ಬೇಕಾಗಬಹುದು.

ಹೋಗುವುದು, ಬರುವುದು, ಎಚ್ಚರಿಕೆ

ಹೋಗುವ ದಾರಿ ಎಲ್ಲರೂ ಬರೆಯುತ್ತಾರೆ, ಬರುವ ದಾರಿ ಮರೆಯುತ್ತಾರೆ. ಸೂರ್ಯಾಸ್ತ ನೋಡಲು ಗುಡ್ಡಕ್ಕೆ ಹೋದವರು ಕತ್ತಲಾದ ಮೇಲೆ ಗಾಡಿ ಸಿಗದೆ ನಿಲ್ಲುವುದಕ್ಕೆ ಇದೇ ಕಾರಣ. ಮೇಲಿಂದ ಖಾಲಿ ಬರಬೇಕಾದ ಟ್ಯಾಕ್ಸಿ ಅಲ್ಲಿ ಯಾಕೆ ಕಾಯುತ್ತದೆ? ಕೊನೆಯ ಬಸ್ಸು ಎಷ್ಟಕ್ಕೆ, ಅದು ತಪ್ಪಿದರೆ ಏನು, ಹೋದ ಗಾಡಿಯನ್ನೇ ಕಾಯಿಸಬೇಕೇ ಎಂಬುದನ್ನು ಬರೆಯಿರಿ. ಒಂದೇ ಹೆಸರಿನ ನಿಲ್ದಾಣ ರಸ್ತೆಯ ಎರಡೂ ಬದಿಯಲ್ಲಿದ್ದರೆ ಯಾವ ಬದಿ ಎಂದು ಹೇಳಿ. ಬಾಡಿಗೆ ಎಷ್ಟು ಎಂಬ ಅಂಕಿ ಬೇಗ ಹಳತಾಗುತ್ತದೆ. ನ್ಯಾಯವಾದ ಬಾಡಿಗೆಯನ್ನು ಎಲ್ಲಿ ನೋಡಿ ತಿಳಿಯಬೇಕು ಎಂಬುದು ಹಳತಾಗುವುದಿಲ್ಲ.

ಎಚ್ಚರಿಕೆಯ ವಿಷಯದಲ್ಲಿ ಊರಿನ ಮಾನ ಕಾಯಲು ಹೋಗಬೇಡಿ. "ಎಲ್ಲಾ ಕಡೆ ಹುಷಾರಾಗಿರಿ" ಎಂದರೆ ಕೇಳಿದವರು ಎಲ್ಲೂ ಹುಷಾರಾಗಿರುವುದಿಲ್ಲ. ಯಾವ ರಸ್ತೆ, ಎಷ್ಟು ಗಂಟೆಯ ಮೇಲೆ, ಯಾಕೆ ಎಂದು ಹೇಳಿ: ದೀಪ ಇಲ್ಲ, ನಾಯಿಗಳಿವೆ, ಫುಟ್‌ಪಾತ್ ಮುರಿದಿದೆ. ನೀರಿಗೆ ಇಳಿಯಬಾರದ ಜಾಗವನ್ನು ಬೇರೆ ಸಾಲಿನಲ್ಲಿ, ಕಾರಣ ಸಮೇತ ಬರೆಯಿರಿ. ಪ್ರಪಂಚದ ಹಲವು ಪ್ರವಾಸಿ ಊರುಗಳಲ್ಲಿ ನಡೆಯುವ ಒಂದು ಮೋಸವನ್ನು ಮೊದಲೇ ಹೇಳಿಟ್ಟಿರಿ: "ಅದು ಇವತ್ತು ಮುಚ್ಚಿದೆ, ಬನ್ನಿ, ಬೇರೆ ಕಡೆ ಕರ್ಕೊಂಡು ಹೋಗ್ತೀನಿ" ಎಂದು ಯಾರಾದರೂ ಅಂದರೆ ಗೇಟಿನವರೆಗೆ ಹೋಗಿ ಕಣ್ಣಾರೆ ನೋಡಿ ಎಂದು.

ನಿಮ್ಮದೇ ಅಥವಾ ನೆಂಟರದೇ ಅಂಗಡಿ ಪಟ್ಟಿಯಲ್ಲಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಹಕ್ಕಿ ಗೂಡುಕಟ್ಟುವ ಕೆರೆಮೂಲೆ, ಜನ ವಾಸಿಸುವ ಸಣ್ಣ ಗಲ್ಲಿಯಂಥವನ್ನು ಒಬ್ಬಿಬ್ಬರಿಗೆ ಹೇಳಬಹುದು, ಎಲ್ಲರೂ ನೋಡುವ ಪಟ್ಟಿಗೆ ಪಿನ್ ಸಮೇತ ಹಾಕಬೇಡಿ. ಸಾವಿರ ಜನ ಬಂದರೆ ಜಾಗವೇ ಉಳಿಯುವುದಿಲ್ಲ. ನೀವೇ ಜೊತೆಗೆ ಸುತ್ತಾಡಿಸುವುದಾದರೆ ಇಡೀ ಊರು ತೋರಿಸಲು ಹೋಗದೆ ನಿಮ್ಮ ಬಡಾವಣೆ ತೋರಿಸಿ. ನ್ಯೂಯಾರ್ಕಿನಲ್ಲಿ 1992ರಲ್ಲಿ ಶುರುವಾದ ಬಿಗ್ ಆ್ಯಪಲ್ ಗ್ರೀಟರ್ ಎಂಬ ಸ್ವಯಂಸೇವಕರ ಕೂಟ ಹೀಗೆಯೇ ಮಾಡಿತು: ತಾವು ಚೆನ್ನಾಗಿ ಬಲ್ಲ ಕೇರಿ, ದುಡ್ಡಿಲ್ಲದೆ, ಚಿಕ್ಕ ಗುಂಪಿಗೆ.

ಕಳಿಸುವ ಮುನ್ನ, ಕಳಿಸಿದ ಮೇಲೆ

ನಿಮ್ಮ ಊರನ್ನು ಎಂದೂ ನೋಡದ ಒಬ್ಬರಿಗೆ ಪಟ್ಟಿ ಕೊಟ್ಟು, ನಕ್ಷೆಯ ಮೇಲೆ ಬೆರಳಿಟ್ಟು ದಿನವೊಂದನ್ನು ನಡೆಸಿ ತೋರಿಸಲು ಹೇಳಿ. ಅವರು ಎಲ್ಲಿ ತಡವರಿಸಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಕಡಿಮೆಯಿದೆ.

ಪಿನ್‌ಗಳ ಲಿಂಕನ್ನು ಮಾತ್ರ ಕಳಿಸಿದರೆ ನೆಟ್‌ವರ್ಕ್ ಇಲ್ಲದ ಕಡೆ ಕೈಕೊಡುತ್ತದೆ. ಲಿಂಕಿನ ಜೊತೆ ಅದೇ ಮಾಹಿತಿ ಬರಹದಲ್ಲೂ ಇರಲಿ, ಒಂದು ಪುಟದ ಪಿಡಿಎಫ್ ಆದರೆ ಒಳ್ಳೆಯದು. ಹೊರಡುವ ಮೊದಲು ಊರಿನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಲು ಹೇಳಿ. ಪಟ್ಟಿಯ ತಲೆಯ ಮೇಲೆ ಬರೆದ ತಿಂಗಳು, ವರ್ಷ ಹಾಕಿ.

ಅವರು ವಾಪಸು ಹೋದ ಮೇಲೆ "ಹೇಗಿತ್ತು" ಎಂದರೆ "ಚೆನ್ನಾಗಿತ್ತು" ಎಂದಷ್ಟೇ ಬರುತ್ತದೆ. ಬದಲಿಗೆ ಮೂರು ಕೇಳಿ: ಯಾವುದಕ್ಕೆ ಹೋಗಲಿಲ್ಲ, ಎಲ್ಲಿ ಕಾದಿರಿ, ಎಲ್ಲಿ ದಾರಿ ತಪ್ಪಿತು? ಅದೇ ದಿನ ಪಟ್ಟಿ ತಿದ್ದಿ. ಎರಡು ಸಲ ಬೇರೆಬೇರೆ ಜನ ಬಿಟ್ಟುಬಂದ ಜಾಗವನ್ನು, ನಿಮಗೆ ಎಷ್ಟೇ ಪ್ರೀತಿಯದಾಗಿದ್ದರೂ, ತೆಗೆದುಬಿಡಿ. ಮುಂದಿನವರು ಕೇಳುವ ಹೊತ್ತಿಗೆ ವಾರದ ರಜೆ, ಒಳಬಿಡುವ ಹೊತ್ತು, ಕೊನೆಯ ಬಸ್ಸು ಈ ಮೂರನ್ನು ಮತ್ತೊಮ್ಮೆ ವಿಚಾರಿಸಿ, ತಲೆಯ ಮೇಲಿನ ತಿಂಗಳು ಬದಲಿಸಿ ಕಳಿಸಿ.